ನನ್ನ ಅರ್ಜಿಗೆ ನಾನೇ ಟೈಪು ಮಾಡಿದ ಉತ್ತರ

ನನ್ನ ಯಜಮಾನರು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ಸುತ್ತಿಗೆ, ಪಾನಾ, ಎರಡು ಬಾವುಟ ಇರುವ ಚೀಲ ಹೆಗಲಿಗೆ ಹಾಕಿಕೊಂಡು ದಿನಾ ಬೆಳಿಗ್ಗೆ ಹಳಿಯ ಗುಂಟ ನಡೆಯುವುದು, ಸಡಿಲಾದದ್ದನ್ನು ಬಡಿದು ಕೂಡಿಸುವುದು, ಎಲ್ಲಾದರೂ ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸುವುದು ಅವರ ಕೆಲಸ. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಒಬ್ಬರೇ ನಡೆಯುತ್ತಿದ್ದರು. ನಾವಿಬ್ಬರೂ ಯಾದಗಿರಿ ಕಡೆಯವರು. ಸಿಕಂದರಾಬಾದಿನ ಹತ್ತಿರದ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅತ್ತೆ, ನಾವಿಬ್ಬರು ಮತ್ತು ಮಗಳು ಇದ್ದೆವು.

ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ಗುಡ್ಡ ಕಡಿದು ಹಳಿ ಹಾಸಿದ ಒಂದು ತಿರುವಿನಲ್ಲಿ ಅವರು ಗಾಡಿಗೆ ಸಿಕ್ಕರು. ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಆ ಸದ್ದಿನಲ್ಲಿ ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಅವರಿಗೆ ಕೇಳಲಿಲ್ಲ.

ಅದೇ ಬೆಳಿಗ್ಗೆ ನಾನು ಅವರಿಗೆ ಫೋನ್ ಮಾಡಿದ್ದೆ. ಗ್ಯಾಸಿನವನು ಬಾಗಿಲಲ್ಲಿ ನಿಂತಿದ್ದ, ಗ್ಯಾಸಿನ ಪುಸ್ತಕ ಎಲ್ಲಿಟ್ಟಿದ್ದಾರೆಂದು ಕೇಳಬೇಕಿತ್ತು. ರಿಂಗಾಗಿ ರಿಂಗಾಗಿ ತಾನೇ ನಿಂತಿತು. ಪುಸ್ತಕ ದೇವರ ಜಗಲಿಯ ಕೆಳಗೆ ಸಿಕ್ಕಿತು, ಗ್ಯಾಸಿನವನು ಸಿಲಿಂಡರ್ ಇಳಿಸಿ ಹೋದ, ನಾನು ಅನ್ನಕ್ಕಿಟ್ಟೆ. ಆಮೇಲೆ ಆಸ್ಪತ್ರೆಯ ಅಂಗಳದಲ್ಲಿ ಕಲ್ಯಾಣ ವಿಭಾಗದ ಒಬ್ಬರು ನನಗೂ ಅತ್ತೆಗೂ ಹೇಳಿದರು, ಅವರು ಮೊಬೈಲಿನಲ್ಲಿ ಮಾತಾಡುತ್ತಿದ್ದರಂತೆ, ಅದಕ್ಕೇ ಗಾಡಿ ಬಂದದ್ದು ತಿಳಿಯಲಿಲ್ಲವಂತೆ ಎಂದು. ಅವರು ಫೋನ್ ಎತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಯಾರದೆಂದು ನೋಡಲು ಜೇಬಿನಿಂದ ತೆಗೆದಿರಬೇಕು, ತಲೆ ಬಗ್ಗಿಸಿರಬೇಕು. ಆ ತಲೆ ಬಗ್ಗಿಸಿದ ಗಳಿಗೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಡುಗೆಮನೆಯಲ್ಲಿ, ಲೋಕಲ್ ಗಾಡಿಯಲ್ಲಿ, ಮಗಳ ಶಾಲೆಯ ಮೀಟಿಂಗಿನಲ್ಲಿ ಅದು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಅತ್ತೆ ನನ್ನನ್ನು ಒಂದು ದಿನವೂ ಎದುರಿಗೆ ಅನ್ನಲಿಲ್ಲ. ಮಾತಾಡಿಸಲು ಬಂದವರಿಗೆ ಮಾತ್ರ, "ಹಳೀ ಮ್ಯಾಲ ಇದ್ದಾಗ ಫೋನ್ ಬಂತಂತ್ರಿ" ಎನ್ನುತ್ತಿದ್ದರು. ಯಾರ ಫೋನ್ ಎಂದು ಹೇಳುತ್ತಿರಲಿಲ್ಲ. ನಾನು ಒಳಗೆ ಚಹಾ ಸೋಸುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ನಾನು ಬಿ.ಕಾಂ. ಓದಿದ್ದರಿಂದ ಅನುಕಂಪದ ಮೇಲೆ ಕ್ಲಾರ್ಕಿನ ನೌಕರಿ ಸಿಕ್ಕಿತು. ಆ ನೌಕರಿಗೆ ಅರ್ಜಿ ಹಾಕುವಾಗ ಒಂದಿಷ್ಟು ಕಾಗದಗಳಿಗೆ ಸಹಿ ಮಾಡಿಸಿಕೊಂಡರು. ಅದರಲ್ಲೊಂದು, ತನಿಖೆಯ ವರದಿಯನ್ನು ಕುಟುಂಬ ಒಪ್ಪಿದೆ, ಯಾವ ತಕರಾರೂ ಇಲ್ಲ ಎಂಬ ಹೇಳಿಕೆ. ಓದದೆ ಸಹಿ ಹಾಕಿದೆ. ಕ್ವಾರ್ಟರ್ಸ್ ಉಳಿಯಿತು, ಮಗಳ ಶಾಲೆ ತಪ್ಪಲಿಲ್ಲ. ಮೊದಲ ಐದು ವರ್ಷ ಪಾಸ್ ಕೊಡುವ ವಿಭಾಗದಲ್ಲಿದ್ದೆ. ಆಮೇಲೆ ನನ್ನನ್ನು ಸುರಕ್ಷತಾ ವಿಭಾಗಕ್ಕೆ ಹಾಕಿದರು. ಅಪಘಾತಗಳ ತನಿಖೆ ನಡೆಸಿ, ವರದಿ ಬರೆದು, ಮುಂದೆ ಹೀಗಾಗದಂತೆ ಏನು ಮಾಡಬೇಕೆಂದು ಸೂಚಿಸುವ ವಿಭಾಗ ಅದು. ನಾನು ಟೈಪು ಮಾಡುವವಳು. ಬೆನ್ನ ಹಿಂದೆಯೇ ಹಳೆಯ ಫೈಲುಗಳ ಕಬ್ಬಿಣದ ಕಪಾಟು. ಅದರೊಳಗೆ ಎಲ್ಲೋ ನನ್ನ ಯಜಮಾನರ ಫೈಲೂ ಇದೆ ಎಂದು ಗೊತ್ತಿತ್ತು. ಬೀಗದ ಕೈ ನನ್ನ ಡ್ರಾಯರಿನಲ್ಲೇ ಇರುತ್ತಿತ್ತು. ಮೂರು ವರ್ಷ ಆ ಫೈಲು ಮುಟ್ಟಲಿಲ್ಲ. ವರ್ಗಾವಣೆ ಕೇಳಿದೆ, ಜಾಗ ಖಾಲಿಯಿಲ್ಲ ಎಂದರು. ನೌಕರಿ ಬಿಡುವ ಮಾತೇ ಇರಲಿಲ್ಲ.

ಹೋದ ವರ್ಷ ಅದೇ ತಿರುವಿನಲ್ಲಿ ಇನ್ನೊಬ್ಬ ಕೀಮ್ಯಾನ್ ಸತ್ತ.

ಮೂವರು ಅಧಿಕಾರಿಗಳ ತನಿಖಾ ಸಮಿತಿ ಆಯಿತು. ಮೂವರೂ ನಮ್ಮ ಇಲಾಖೆಯವರೇ. ಮುಖ್ಯವಾಗಿ ವರದಿ ಬರೆಯುವವರು ನಮ್ಮ ಸಾಹೇಬರು. ಅವರು ಹುಬ್ಬಳ್ಳಿ ಕಡೆಯವರು, ಮೊದಲು ಹಳಿ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದವರು. ಕಚೇರಿಯಲ್ಲಿ ಎಲ್ಲರೊಡನೆ ಹಿಂದಿ, ಇಂಗ್ಲಿಷ್. ನಾವಿಬ್ಬರೇ ಇದ್ದಾಗ ನನ್ನೊಡನೆ ಕನ್ನಡ. ಯಾರನ್ನೂ ಏರುದನಿಯಲ್ಲಿ ಮಾತಾಡಿಸಿದವರಲ್ಲ. ಸತ್ತವನ ಗ್ಯಾಂಗಿನ ಮೇಟ್, ಅಂದರೆ ಆ ತುಕಡಿಯ ಮುಖ್ಯಸ್ಥ, ಬಂದು ತೆಲುಗಿನಲ್ಲಿ ಹೇಳಿಕೆ ಕೊಟ್ಟ. ನಾನೇ ಬರೆದುಕೊಂಡೆ. ಆ ತಿರುವಿಗೆ ಒಬ್ಬನನ್ನೇ ಕಳಿಸಬಾರದೆಂದು ಎರಡು ಸಲ ಕೇಳಿಕೊಂಡಿದ್ದೆ, ಜನ ಇಲ್ಲ ಎಂದರು ಎಂದ. ಮೊಬೈಲಿನ ಮಾತು ಅವನು ಎತ್ತಲೇ ಇಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ.

ಮರುದಿನ ಸಾಹೇಬರು ನನ್ನನ್ನು ಕರೆದು, ಇಂಥದ್ದೇ ಹಳೆಯದೊಂದು ಫೈಲು ಹುಡುಕಿ ಕೊಡಿ, ಅದರ ನಮೂನೆಯಲ್ಲೇ ಬರೆದರೆ ಬೇಗ ಮುಗಿಯುತ್ತದೆ ಎಂದರು. ಅದೇ ಜಾಗದ್ದು ಒಂಬತ್ತು ವರ್ಷದ ಹಿಂದಿನದೊಂದು ಇರಬೇಕಲ್ಲ ಎಂದರು. ಆ ಫೈಲು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತಷ್ಟೇ. ನನ್ನ ನೌಕರಿ ಅನುಕಂಪದ್ದೆಂದು ತಿಳಿದಿರಬಹುದು, ಮಿಕ್ಕದ್ದನ್ನು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಕಪಾಟು ತೆಗೆದೆ. ಫೈಲು ಮೂರನೆಯ ಖಾನೆಯಲ್ಲಿತ್ತು. ಅದನ್ನು ಹಾಗೇ ಒಯ್ದು ಸಾಹೇಬರ ಮೇಜಿನ ಮೇಲೆ ಇಡಬಹುದಿತ್ತು. ಆದರೆ ಕುರ್ಚಿಯಲ್ಲಿ ಕೂತು ತೆರೆದೆ.

ವರದಿಯ ಕೊನೆಯಲ್ಲಿ ಕಾರಣ ಬರೆದಿತ್ತು: ಮೃತನ ಸ್ವಂತ ನಿರ್ಲಕ್ಷ್ಯ. ಅದರ ಕೆಳಗೆ, ಮೃತನು ಮೊಬೈಲಿನಲ್ಲಿ ಮಾತನಾಡುತ್ತಿದ್ದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದಿತ್ತು. ಅದಾದ ಮೇಲೆ ಒಂದು ಸೂಚನೆ: ಈ ತಿರುವಿನಲ್ಲಿ ಕೀಮ್ಯಾನ್ ಜೊತೆಗೆ ಗಾಡಿ ಬರುವುದನ್ನು ನೋಡಿ ಸೀಟಿ ಊದಲು ಇನ್ನೊಬ್ಬನನ್ನು ಕಳಿಸಬೇಕು. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಅಂಗೀಕರಿಸಲಾಗಿದೆ, ಸಿಬ್ಬಂದಿ ಲಭ್ಯವಾದಂತೆ ಜಾರಿ ಎಂದು. ಮುಂದಿನ ಹಾಳೆಗಳಲ್ಲಿ ನೆನಪೋಲೆಗಳು, ಅವುಗಳಿಗೆ ಒಂದೇ ತರಹದ ಉತ್ತರಗಳು. ಕೊನೆಯ ಹಾಳೆಯಲ್ಲಿ, ವಿಷಯ ಮುಕ್ತಾಯ.

ಹೇಳಿಕೆಗಳು ಫೈಲಿನ ತಳದಲ್ಲಿದ್ದವು. ಆಗಿನ ಮೇಟ್ ಎಂದೋ ನಿವೃತ್ತನಾಗಿ ತೀರಿಕೊಂಡಿದ್ದ. ಅವನ ಹೇಳಿಕೆ ತೆಲುಗಿನಲ್ಲಿತ್ತು, ದಪ್ಪ ದಪ್ಪ ಅಕ್ಷರ. ನಾನು ತೆಲುಗು ಓದುವುದು ನಿಧಾನ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸತ್ತವನ ಫೋನು ಗ್ಯಾಂಗಿನ ಗುಡಿಸಲಿನಲ್ಲಿ ಚಾರ್ಜಿಗೆ ಹಾಕಿತ್ತು, ಬೆಳಿಗ್ಗೆ ಅವನೇ ಹಾಕಿ ಹೋಗಿದ್ದ, ಪೊಲೀಸರು ಬಂದಾಗ ನಾನೇ ತೆಗೆದುಕೊಟ್ಟೆ ಎಂದಿತ್ತು.

ಮತ್ತೆ ಓದಿದೆ. ಆಗ ನೆನಪಾಯಿತು, ಪೊಲೀಸರು ಕೊಟ್ಟ ಗಂಟಿನಲ್ಲಿ ಊಟದ ಡಬ್ಬಿಯ ಜೊತೆ ಅವರ ಫೋನೂ ಇತ್ತು. ಗಾಜು ಒಡೆದಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಗಾಡಿಗೆ ಸಿಕ್ಕ ಮನುಷ್ಯನ ಕೈಯಲ್ಲಿದ್ದ ಫೋನು ಹಾಗಿರುವುದು ಹೇಗೆಂದು ನಾನು ಒಂಬತ್ತು ವರ್ಷ ಕೇಳಿಕೊಂಡಿರಲಿಲ್ಲ. ಗುಡಿಸಲಿನ ಗೋಡೆಯ ಮೇಲೆ, ಯಾರೂ ಇಲ್ಲದಲ್ಲಿ, ನಾನು ಮಾಡಿದ ಫೋನು ರಿಂಗಾಗಿ ನಿಂತಿತ್ತು.

ಹಗುರವಾಗಬೇಕಿತ್ತು. ಹಾಗಾಗಲಿಲ್ಲ.  ಮುಖ ತೊಳೆದು ಫೈಲನ್ನು ಸಾಹೇಬರ ಮೇಜಿನ ಮೇಲಿಟ್ಟು, ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಹೋದೆ.

ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಅವರ ಕೈ ನಿಂತಿತು. 

"ಅಂದ್ರ ಇಷ್ಟ್ ವರ್ಷ ಬಂದ ಮಂದಿಗೆಲ್ಲ ನಾ ಸುಳ್ಳ ಹೇಳಿದ್ನಲ್ಲವ್ವಾ" ಎಂದರು.

ನಿಮಗೂ ಅವರು ಹೇಳಿದ್ದನ್ನೇ ನೀವು ಹೇಳಿದಿರಿ ಎಂದೆ. ಅವರು ತಲೆಯಾಡಿಸಿ ಕೇಳಿದರು, "ಹಂಗಾದ್ರ ಯಾರ ತಪ್ಪಿಲೆ ಹೋದ ಅವ? ಅದನ್ನೂ ಬರದಿರಬೇಕಲ್ಲ ಅದ್ರಾಗ."

ಅದರಲ್ಲಿ ನಿಮ್ಮ ಮಗನದೇ ತಪ್ಪು ಅಂತ ಬರೆದಿದೆ ಎಂದು ನನಗೆ ಹೇಳಲಾಗಲಿಲ್ಲ. ಇನ್ನೂ ಪೂರಾ ಓದಿಲ್ಲ ಎಂದು ಎದ್ದೆ.

ಎರಡು ದಿನ ಬಿಟ್ಟು ಸಾಹೇಬರು ವರದಿ ಹೇಳಿ ಬರೆಸತೊಡಗಿದರು. ಹಳೆಯ ಫೈಲು ಅವರ ಎಡಗೈ ಬದಿಗೆ ತೆರೆದಿತ್ತು. ಹೆಸರು, ವಯಸ್ಸು, ಕಿಲೋಮೀಟರು ಬದಲಾದವು, ಮಿಕ್ಕದ್ದೆಲ್ಲ ಅದೇ. ಕೊನೆಗೆ ಕಾರಣ ಬಂತು. ಆಮೇಲೆ ಅದೇ ವಾಕ್ಯ, ಮೊಬೈಲಿನಲ್ಲಿ ಮಾತನಾಡುತ್ತಿದ್ದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ನನ್ನ ಪೆನ್ನು ನಿಂತಿತು. ಒಂಬತ್ತು ವರ್ಷದ ಹಿಂದೆಯೂ ಯಾರೋ ಹೀಗೇ ಯಾವುದೋ ಹಳೆಯ ಫೈಲು ನೋಡಿ ಇದನ್ನು ಹೇಳಿರಬೇಕು, ಯಾರೋ ಬರೆದುಕೊಂಡಿರಬೇಕು.

ಆ ಫೈಲು ನನ್ನ ಯಜಮಾನರದು ಎಂದು ಹೇಳಿದೆ. ಸಾಹೇಬರು ಕನ್ನಡಕ ತೆಗೆದರು. ಫೋನು ಗುಡಿಸಲಿನಲ್ಲಿ ಇತ್ತೆಂದು ಮೇಟ್ ಬರೆದುಕೊಟ್ಟದ್ದು ಕೆಳಗಿದೆ, ಓದಿ ಎಂದೆ. ಅವರು ಹಾಳೆ ತಿರುವಿದರು. ತೆಲುಗು ಅವರಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಅರ್ಥ ಹೇಳಿದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು. "ನೋಡ್ರಿ, ನಾನೂ ಹಳೀ ವಿಭಾಗದಾಗ ಕೆಲಸ ಮಾಡೀನಿ. ಒಬ್ಬನ್ನ ಕಳಸ್ತಾರ, ಅದ ತಪ್ಪು ಅಂತ ನನಗ ಗೊತ್ತೈತಿ. ಹಂಗಂತ ಬರದ್ರ, ಜನಾ ಕೊಡದವರು ಯಾರು ಅಂತ ಬರೀಬೇಕಾಕ್ಕೈತಿ. ಅವರ ನನ್ನ ಸಿ.ಆರ್. ಬರಿಯವರು, ನನ್ನ ಬಡ್ತಿ ಅವರ ಕೈಯಾಗೈತಿ. ನಾಳೆ ನಾನು ವಾಪಸ್ ಹೋಗಿ ಅವರ ಕೈಕೆಳಗ ಕೂಡಾವ. ನೀವ ಹೇಳ್ರಿ, ಯಾರು ಬರೀಬೇಕು ಇದನ್ನ?"

"ಇಲ್ಲೆ ಪಗಾರ ತಗೊಳ್ಳದವರು ಬರೀಬೇಕ್ರಿ ಸಾಹೇಬ್ರ" ಎಂದೆ. "ಬರೇ ಬರದ್ರ ಸಾಲಂಗಿಲ್ಲ. ಒಂಬತ್ತು ವರ್ಷದ ಹಿಂದ ಬರದಾರ, ಇನ್ನೊಬ್ಬನ್ನ ಕಳಸ್ರಿ ಅಂತ. ಹೂಂ ಅಂದಾರ. ಕಳಸಿಲ್ಲ. ಕಳಸೂತನಕ ಬಿಡದವರು ಬೇಕು."

ಅವರು ಸಿಟ್ಟಾಗಲಿಲ್ಲ. ಅಂಥವರೊಬ್ಬರು ಇದ್ದಾರೆ, ಬೇರೆ ಸಚಿವಾಲಯದ ಕೆಳಗಿನ ರೈಲ್ವೆ ಸುರಕ್ಷತಾ ಆಯುಕ್ತರು, ಆದರೆ ಅವರು ನೋಡುವುದು ಪ್ರಯಾಣಿಕರು ಸತ್ತ ದೊಡ್ಡ ಅಪಘಾತಗಳನ್ನು, ಅವರೂ ಸೂಚನೆ ಕೊಡಬಹುದೇ ಹೊರತು ಮಾಡಲೇಬೇಕೆಂದು ಹಿಡಿದು ಕೂರಿಸುವ ಅಧಿಕಾರ ಅವರಿಗೂ ಇಲ್ಲ ಎಂದು ವಿವರಿಸಿದರು. ಹಳಿಯ ಮೇಲೆ ಒಬ್ಬೊಬ್ಬರಾಗಿ ಸಾಯುವ ನಮ್ಮವರನ್ನು ನಾವೇ ನೋಡಿಕೊಳ್ಳಬೇಕು ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, ಟೈಪು ಮಾಡಿರಿ ಎಂದರು. ನಾನು ಟೈಪು ಮಾಡಿದೆ. ಮಾಡಲಿಲ್ಲ ಎಂದು ಬರೆಯಲು ಎಷ್ಟು ಆಸೆಯಾಗುತ್ತದೆ. ಆದರೆ ಮಗಳು ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಳು, ನಾವಿದ್ದ ಮನೆ ಇಲಾಖೆಯದು. ಟೈಪು ಮಾಡಿ ಅವರ ಮುಂದಿಟ್ಟೆ.

ಮುಂದಿನ ವಾರ ಸತ್ತವನ ಹೆಂಡತಿ ಬಂದಳು. ಮೂವತ್ತು ದಾಟಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತಿದ್ದಳು. ಕಲ್ಯಾಣ ವಿಭಾಗದವರು ಅವಳ ಕಾಗದಗಳನ್ನು ನನ್ನ ಕೈಗೆ ಕೊಟ್ಟು, ನೀವು ಹೇಗೂ ಈ ದಾರಿಯಲ್ಲಿ ಬಂದವರು, ನೀವೇ ತಿಳಿಸಿ ಹೇಳಿ ಸಹಿ ಮಾಡಿಸಿ ಎಂದರು. ಅದರಲ್ಲಿ ನಾನು ಓದದೆ ಸಹಿ ಹಾಕಿದ್ದ ಹೇಳಿಕೆಯೂ ಇತ್ತು.

ಅವಳ ಪಕ್ಕದಲ್ಲಿ ಕೂತೆ. ಅವಳು ಪೆನ್ನು ಹಿಡಿದೇ ಇದ್ದಳು, ಎಲ್ಲಿ ಬರೆಯಬೇಕೆಂದು ತೋರಿಸುವುದಷ್ಟೇ ಬಾಕಿ. ತೋರಿಸಿದ್ದರೆ ಎರಡು ನಿಮಿಷದ ಕೆಲಸ. ಅವಳಿಗೆ ನೌಕರಿ ಬೇಗ ಸಿಗುತ್ತಿತ್ತು, ನನ್ನ ಪಾಡಿಗೆ ನಾನು ಇರುತ್ತಿದ್ದೆ. ಆದರೆ ಆಸ್ಪತ್ರೆಯ ಅಂಗಳದಿಂದ ಹಿಡಿದು ಒಂಬತ್ತು ವರ್ಷ ನಾನು ಹೊತ್ತದ್ದನ್ನು ಇವಳ ತಲೆಯ ಮೇಲೆ ನನ್ನ ಕೈಯಾರೆ ಇಡುವುದಾಗುತ್ತಿತ್ತು. ವರದಿಯನ್ನು ತೆಲುಗಿನಲ್ಲಿ ಮೊದಲಿಂದ ಕೊನೆತನಕ ಹೇಳಿದೆ. ಮೊಬೈಲಿನ ಮಾತು ಬಂದಾಗ ಅವಳು ತಡೆದಳು. ನಮ್ಮ ಮನೆಯಲ್ಲಿ ಇರುವುದು ಒಂದೇ ಫೋನು, ಆವತ್ತು ಅದು ನನ್ನ ಹತ್ತಿರವಿತ್ತು, ಅವರು ಬಿಟ್ಟೇ ಹೋಗುತ್ತಿದ್ದರು ಎಂದಳು. ಸೆರಗಿನ ಒಳಗಿನ ಸಣ್ಣ ಚೀಲದಿಂದ ಅದನ್ನು ತೆಗೆದು ತೋರಿಸಿದಳು.

"ಸಂತಕಂ ಪೆಟ್ಟಾಲಾ ಅಕ್ಕಾ, ವದ್ದಾ?" ಎಂದು ಕೇಳಿದಳು. ಸಹಿ ಹಾಕಬೇಕೇ, ಬೇಡವೇ ಎಂದು.

ಬೇಡ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ನಾನು ಹಾಕಿದ್ದೆ, ಅದಕ್ಕೇ ಇಲ್ಲಿ ಕೂತಿದ್ದೇನೆ ಎಂದೆ. ಹಾಕದಿದ್ದರೆ ನೌಕರಿ ತಡವಾಗಬಹುದು ಎಂದೂ ಹೇಳಿದೆ.  ಅವಳು ಪೆನ್ನು ನನ್ನ ಕೈಗೆ ಕೊಟ್ಟು, ಸುಳ್ಳು ತೆಗೆದರೆ ಹಾಕುತ್ತೇನೆ, ನಾಳೆಯೂ ಬಂದು ಇಲ್ಲೇ ಕೂರುತ್ತೇನೆ ಎಂದಳು.

ಮರುದಿನ ಬಂದಳು, ಅದರ ಮರುದಿನವೂ ಬಂದಳು. ಸಾಹೇಬರು ಬರುವಾಗ ಹೋಗುವಾಗ ಅವಳನ್ನು ದಾಟಿಯೇ ಹೋಗಬೇಕಿತ್ತು. ನಾಲ್ಕನೆಯ ದಿನ ಅವರೇ ಅವಳನ್ನು ಒಳಗೆ ಕರೆಸಿದರು. ನಾನು ನಡುವೆ ನಿಂತು ಅವಳ ತೆಲುಗನ್ನು ಅವರಿಗೆ ಹೇಳಿದೆ. ಅವರು ಫೋನನ್ನು ಕೈಗೆತ್ತಿಕೊಳ್ಳಲಿಲ್ಲ, ನೋಡಿದರಷ್ಟೇ. ವರದಿ ತರಿಸಿ ಮೊಬೈಲಿನ ವಾಕ್ಯದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಸಮಿತಿಯ ಮಿಕ್ಕ ಇಬ್ಬರೂ ಹಾಕಿದರು. ಸ್ವಂತ ನಿರ್ಲಕ್ಷ್ಯ ಎಂಬುದು ಹಾಗೇ ಉಳಿಯಿತು. ಅದರ ಅರ್ಥವನ್ನೂ ನಾನು ಅವಳಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಅದನ್ನು ತೆಗೆಸಲು ಇನ್ನೆಷ್ಟು ದಿನ ಕೂರಬೇಕು ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅವಳಿಗೆ ಇಬ್ಬರು ಸಣ್ಣ ಮಕ್ಕಳು. ಸಹಿ ಹಾಕಿದಳು.

ನನ್ನ ಯಜಮಾನರ ವರದಿಯಲ್ಲೂ ಆ ವಾಕ್ಯ ತೆಗೆಯಬಹುದೇ ಎಂದು ಅದೇ ಸಂಜೆ ಕೇಳಿದೆ. ಮುಗಿದ ಫೈಲನ್ನು ತೆರೆಯಲು ತನಗೆ ಅಧಿಕಾರವಿಲ್ಲ ಎಂದರು ಸಾಹೇಬರು.

ಆ ಭಾನುವಾರ ಮಧ್ಯಾಹ್ನ ಊಟದ ಮೇಲೆ ಒಂದು ಪತ್ರ ಬರೆದೆ, ಆ ಆಯುಕ್ತರ ವಿಳಾಸಕ್ಕೆ. ಟೈಪು ಮಾಡಲಿಲ್ಲ, ಕೈಯಲ್ಲೇ ಬರೆದೆ, ನನ್ನ ಹೆಸರು, ಮನೆಯ ವಿಳಾಸ ಹಾಕಿ. ಒಂದೇ ತಿರುವಿನಲ್ಲಿ ಇಬ್ಬರು ಸತ್ತಿದ್ದಾರೆ, ಒಪ್ಪಿಕೊಂಡ ಸೂಚನೆ ಜಾರಿಯಾಗಿಲ್ಲ, ತಪ್ಪು ಮಾಡಿದವರೇ ತಮ್ಮ ತನಿಖೆ ಮಾಡಿಕೊಳ್ಳುತ್ತಿದ್ದಾರೆ, ಹೊರಗಿನಿಂದ ನೀವು ಬಂದು ನೋಡಬೇಕು ಎಂದು. ಅತ್ತೆ ಪಕ್ಕದಲ್ಲಿ ಕೂತು ಪೂರಾ ಓದಿಸಿಕೊಂಡರು. ನೌಕರಿಗೆ ಏನರ ಆದೀತೇನು ಎಂದು ಒಂದೇ ಸಲ ಕೇಳಿದರು. ಆಗಬಹುದು ಎಂದೆ. ಮರುದಿನ ಸಿಕಂದರಾಬಾದಿನ ಅಂಚೆ ಕಚೇರಿಯಲ್ಲಿ ನಾನೇ ರಿಜಿಸ್ಟರ್ ಮಾಡಿದೆ. ಆಮೇಲೆ ಬಾಗಿಲ ಹತ್ತಿರ ಯಾರು ನಿಂತರೂ ನೋಟಿಸ್ ತಂದರೇನೋ ಎಂದು ತಿರುಗಿ ನೋಡುತ್ತಿದ್ದೆ.

ಒಂದೂವರೆ ತಿಂಗಳಾಗಿತ್ತು. ಬೆಳಗಿನ ಟಪಾಲು ನನ್ನ ಟ್ರೇಗೆ ಬಂತು. ಮೇಲಿನಿಂದ ಮೂರನೆಯದು ನನ್ನ ಕೈಬರಹ. ಅದಕ್ಕೆ ಒಂದು ಹಾಳೆ ಜೋಡಿಸಿತ್ತು: ಪ್ರಕರಣ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ, ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಸಂಬಂಧಪಟ್ಟ ವಿಭಾಗ ಎಂದರೆ ನಾವೇ. ಅಂಥ ಅರ್ಜಿಗಳಿಗೆ ಉತ್ತರ ಟೈಪು ಮಾಡುವುದು ನನ್ನ ಕೆಲಸ.

ಒಯ್ದು ಸಾಹೇಬರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಇದನ್ನು ಮೇಲಿನವರು ನೋಡುವ ಮೊದಲು ಉತ್ತರ ಕೊಟ್ಟು ಮುಗಿಸಿದರೆ ನಿಮಗೆ ತೊಂದರೆಯಾಗುವುದಿಲ್ಲ, ತಡಮಾಡಿದರೆ ಅನುಮತಿಯಿಲ್ಲದೆ ಹೊರಗೆ ಬರೆದದ್ದಕ್ಕೆ ನೋಟಿಸ್ ಬರುತ್ತದೆ ಎಂದರು. ನನ್ನನ್ನು ಉಳಿಸಲೆಂದೇ ಅವರು ಹಾಗೆ ಹೇಳಿದರು ಎಂದು ಈಗಲೂ ನಂಬಿದ್ದೇನೆ. ಉತ್ತರ ಹೇಳಿದರು. ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ, ನಿಯಮಾನುಸಾರ ತನಿಖೆ ನಡೆದಿದೆ, ಸೂಚನೆಗಳು ಜಾರಿಯ ಹಂತದಲ್ಲಿವೆ. ನಾನು ಬರೆದುಕೊಂಡೆ, ಟೈಪು ಮಾಡಿದೆ. ಮೇಲೆ ಮಲ್ಕಾಜ್‌ಗಿರಿಯ ನನ್ನ ಮನೆಯ ವಿಳಾಸ ಹಾಕಿದೆ, ಶ್ರೀಮತಿ ಎಂದು ನನ್ನ ಹೆಸರು ಹಾಕಿದೆ. ಲಕೋಟೆಗೆ ಗೋಂದು ಹಚ್ಚಿದ್ದೂ ನಾನೇ. ಸಂಜೆ ಲೋಕಲ್ ಗಾಡಿಯ ಜನಜಂಗುಳಿಯಲ್ಲಿ ಕಂಬ ಹಿಡಿದು ನಿಂತವಳು ಒಂದು ಸ್ಟೇಷನ್ ಮೊದಲೇ ಇಳಿದು, ಮನೆಗೆ ನಡೆದು ಹೋದೆ.

ಮೂರು ದಿನದ ಮೇಲೆ ಅಂಚೆಯವನು ಅದನ್ನು ತಂದು ಅತ್ತೆಯ ಕೈಗೆ ಕೊಟ್ಟ. ನಾನು ಬಂದೊಡನೆ, "ಉತ್ತರ ಬಂದೈತಿ ನೋಡವ್ವಾ, ಏನಂತಾರ?" ಎಂದು ಲಕೋಟೆ ಚಾಚಿದರು. ಒಡೆಯದೆಯೇ ಹೇಳಿದೆ. ಅದನ್ನು ನಾನೇ ಟೈಪು ಮಾಡಿದ್ದೆಂದೂ ಹೇಳಿದೆ. ಅತ್ತೆ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಮಗ ಹೋದ ದಿನವೂ ಅವರು ನನ್ನ ಕೈ ಹಿಡಿದಿರಲಿಲ್ಲ.

ಎಂಟು ತಿಂಗಳಿಗೆ, ಬೆಂಚಿನ ಮೇಲೆ ಕೂತಿದ್ದ ಆ ಹುಡುಗಿಗೆ ನೌಕರಿಯಾಯಿತು. ಹೆಚ್ಚು ಓದಿರಲಿಲ್ಲವಾದ್ದರಿಂದ ಹಳಿಯ ಕೆಲಸವನ್ನೇ ಕೊಟ್ಟರು. ಕಚೇರಿಯಲ್ಲಿ ಎಲ್ಲಾದರೂ ಹಾಕಿ ಎಂದು ಸಾಹೇಬರನ್ನು ಕೇಳಿಕೊಂಡೆ. ಅವರು ಒಂದು ಪತ್ರ ಬರೆದರು, ಅದಕ್ಕೆ ಉತ್ತರ ಬರಲಿಲ್ಲ. ಆಮೇಲೆ ಅವರಿಗೇ ವರ್ಗವಾಯಿತು.

ಕಳೆದ ತಿಂಗಳು ಬೆಳಿಗ್ಗೆ ಮಲ್ಕಾಜ್‌ಗಿರಿ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಅವಳನ್ನು ಕಂಡೆ. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು, ಇನ್ನೂ ನಾಲ್ಕು ಜನರೊಡನೆ ಜಲ್ಲಿ ಎಳೆಯುತ್ತಿದ್ದಳು. ನನ್ನನ್ನು ನೋಡಿ ನಕ್ಕು ಹತ್ತಿರ ಬಂದಳು. ಮಕ್ಕಳು ಚೆನ್ನಾಗಿದ್ದಾರೆ, ದೊಡ್ಡವನು ಶಾಲೆಗೆ ಹೋಗುತ್ತಾನೆ ಎಂದಳು. ನಿಮ್ಮಲ್ಲಿ ಸೀಟಿ ಊದುವವರು ಯಾರು ಎಂದು ಕೇಳಿದೆ. ಸ್ವಲ್ಪ ದೂರದಲ್ಲಿ ಬಾವುಟ ಹಿಡಿದು ನಿಂತವನನ್ನು ತೋರಿಸಿದಳು. ಇವತ್ತು ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆ, ಅದಕ್ಕೆ ನಿಲ್ಲಿಸಿದ್ದಾರೆ, ನಾಳೆಯಿಂದ ಅವನೂ ಜಲ್ಲಿ ಎಳೆಯಬೇಕು ಎಂದಳು.

ಅಷ್ಟರಲ್ಲಿ ಅವನು ಸೀಟಿ ಊದಿದ, ಅವಳು ಹಳಿಯಿಂದ ಆಚೆ ಸರಿದು ನಿಂತಳು. ಬಂದದ್ದು ನನ್ನ ಗಾಡಿ. ನಾನು ಹತ್ತಿ ಕಚೇರಿಗೆ ಹೋದೆ.